ಎಲ್ಲರೂ ಮಗು ನೋಡುವಾಗ

ಹೆರಿಗೆ ವಾರ್ಡಿನ ನರ್ಸ್ ಅಂದ ತಕ್ಷಣ ಜನ ಕೇಳುವುದು ಒಂದೇ. "ಇಲ್ಲಿತನಕ ಎಷ್ಟು ಹೆರಿಗೆ ಮಾಡಿಸಿದ್ದೀರಿ ಸಿಸ್ಟರ್?" ನಾನು ಲೆಕ್ಕ ಇಟ್ಟಿಲ್ಲ. ಯಾವ ಹೊತ್ತಲ್ಲಿ ಹೆಚ್ಚು ಭಯ ಆಗುತ್ತೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮಗು ಬಂದು, ಅತ್ತು, ಎಲ್ಲರೂ ಉಸ್ಸಪ್ಪಾ ಅಂತ ಕೂತ ಮೇಲಿನ ಒಂದೆರಡು ಗಂಟೆ ಇದೆಯಲ್ಲ, ನನಗೆ ಭಯ ಆಗುವುದು ಆಗ.

ನಾನು ಕೆಲಸಕ್ಕೆ ಸೇರಿದ್ದು ತುಮಕೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಗೆ. ಲೇಬರ್ ರೂಮಿನಲ್ಲಿ ಮೂರು ಟೇಬಲ್. ರಾತ್ರಿ ಡ್ಯೂಟಿಗೆ ಒಬ್ಬ ಸಿಸ್ಟರ್, ಒಬ್ಬ ಆಯಾ. ಡಾಕ್ಟರ್ ಕ್ವಾರ್ಟರ್ಸ್‌ನಲ್ಲಿ, ಫೋನ್ ಮಾಡಿದರೆ ಬರುತ್ತಾರೆ. ನೋವು ಶುರುವಾದವರು 108ರಲ್ಲೋ ಆಟೋದಲ್ಲೋ ಬಂದಿಳಿಯುತ್ತಾರೆ. ಜೊತೆಗೆ ಅವ್ವ, ಅತ್ತೆ, ಆಶಾ ಕಾರ್ಯಕರ್ತೆ, ಒಂದು ಫ್ಲಾಸ್ಕು, ಒಂದು ಹಳೇ ಸೀರೆಯ ಗಂಟು. ನಾನು ಮೊದಲು ಕೈ ಚಾಚುವುದು ತಾಯಿ ಕಾರ್ಡಿಗೆ. ಬಿಪಿ ಎಷ್ಟಿತ್ತು, ಹಿಂದಿನದು ಸಿಸೇರಿಯನ್ನಾ, ಹಿಮೋಗ್ಲೋಬಿನ್ ಎಷ್ಟು. 7, 8 ಅಂತ ಬರೆದಿದ್ದರೆ ಅವಳ ಮುಖ ಸರಿಯಾಗಿ ನೋಡಿಟ್ಟುಕೊಳ್ಳುತ್ತೇನೆ. ಬೇರೆಯವರು ತಡೆದುಕೊಳ್ಳುವಷ್ಟು ರಕ್ತ ಹೋದರೂ ಇವಳು ತಡೆಯುವುದಿಲ್ಲ.

ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಬೇಕು, ನಿಮಿಷಕ್ಕೆ 110ರಿಂದ 160ರ ಒಳಗಿರಬೇಕು, ಹೆರಿಗೆ ಎಷ್ಟು ಮುಂದುವರಿದಿದೆ ಅಂತ ತೋರಿಸುವ ಪಾರ್ಟೋಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಬೇಕು. ಇದನ್ನೆಲ್ಲ ಟ್ರೈನಿಂಗ್‌ನಲ್ಲಿ ಹೇಳಿಕೊಡುತ್ತಾರೆ. ಬಾಗಿಲು ತಟ್ಟುವ ಅತ್ತೆಗೆ ಏನು ಹೇಳಬೇಕು ಅಂತ ಹೇಳಿಕೊಡುವುದಿಲ್ಲ. "ರಾಹುಕಾಲ ಮುಗಿಯೋ ತನಕ ತಡೆಯೋಕಾಗಲ್ವಾ ಸಿಸ್ಟರಮ್ಮ?" ಅಂತ ಒಬ್ಬರು ಕೇಳಿದ್ದರು. "ಒಳಗಿರೋರಿಗೆ ಪಂಚಾಂಗ ಓದೋಕೆ ಬರಲ್ಲ ಅಮ್ಮ" ಅಂದೆ. ಪುಣ್ಯಕ್ಕೆ ನಕ್ಕರು.

ಮಗು ಬಂದ ಕೂಡಲೇ ಅಮ್ಮನ ಹೊಟ್ಟೆ ಮೇಲೆ ಮಲಗಿಸಿ ಒಣಬಟ್ಟೆಯಲ್ಲಿ ಒರೆಸುತ್ತೇವೆ. ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಅಂತ ಕೈಯಿಟ್ಟು ನೋಡಿ, ಒಂದು ನಿಮಿಷದೊಳಗೆ ತೊಡೆಗೆ ಆಕ್ಸಿಟೋಸಿನ್ 10 ಯೂನಿಟ್. ಗರ್ಭಕೋಶ ಬಿಗಿಯಾಗಲು ಕೊಡುವ ಇಂಜೆಕ್ಷನ್ ಇದು. ಫ್ರಿಜ್ಜಿನಲ್ಲಿ ಇಡಬೇಕು. ಟ್ರೇನಲ್ಲಿ ಇಡೀ ದಿನ ಸೆಕೆಗೆ ಬಿದ್ದಿದ್ದ ಆಂಪುಲ್ ಮೇಲೆ ನನಗೆ ನಂಬಿಕೆ ಇಲ್ಲ. ಹೊಕ್ಕುಳ ಬಳ್ಳಿಗೂ ಅವಸರ ಇಲ್ಲ. ಮಗು ಚೆನ್ನಾಗಿ ಅಳುತ್ತಿದ್ದರೆ ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸುತ್ತೇವೆ.

ಆಮೇಲೆ ಮಗುವನ್ನು ಎತ್ತಿ ತೋರಿಸಿ, "ಏನು ಮಗು ಅಂತ ನೀನೇ ನೋಡಿ ಹೇಳಮ್ಮ" ಅನ್ನುತ್ತೇವೆ. ಅದು ಅವಳ ಬಾಯಿಂದಲೇ ಬರಬೇಕು. ಬಂದ ಮೇಲೆ ಕಾಲಿಗೆ ಟ್ಯಾಗ್ ಕಟ್ಟುತ್ತೇವೆ. ನಾಳೆ ಮಗು ಬದಲಾಯ್ತು ಅನ್ನೋ ಮಾತು ಬರಬಾರದಲ್ವಾ, ಅದಕ್ಕೆ. ಮೂರನೆಯದೂ ಹೆಣ್ಣಾದ ಒಬ್ಬಳು ನೋಡಿದಳು, ಕಣ್ಣು ಮುಚ್ಚಿದಳು, ಸುಮಾರು ಹೊತ್ತಾದ ಮೇಲೆ "ಹೊರಗೆ ನೀವೇ ಹೇಳಿಬಿಡಿ ಸಿಸ್ಟರ್" ಅಂದಳು. ಹೊರಗೆ ಹೋಗಿ ಹೇಳಿದೆ. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ಬಾಗಿಲಲ್ಲಿ ನಿಂತು ಕೈ ಚಾಚುವವರೂ ನಮ್ಮವರಲ್ಲೇ ಇದ್ದರು. ಅವತ್ತು ಅವರೂ ಸುಮ್ಮನಿದ್ದರು.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಬೆಳಗಿನ ಜಾವ ಮೂರರ ಸುಮಾರಿಗೆ ಬೆನ್ನು ಬೆನ್ನಿಗೆ ಎರಡು ಹೆರಿಗೆ. ಮೊದಲನೆಯವಳದು ಸಲೀಸಾಗಿತ್ತು. ಮಾಸು ಪೂರ್ತಿ ಬಂದಿದೆಯಾ ಅಂತ ತಿರುವಿ ತಿರುವಿ ನೋಡಿದ್ದೆ, ಒಂದು ಚೂರೂ ಕಡಿಮೆ ಇರಲಿಲ್ಲ. ಅವಳು ಮಗುವಿಗೆ ಹಾಲು ಕೊಡುತ್ತಿದ್ದಳು. ನಾನು ಎರಡನೆಯವಳ ಕೆಲಸ ಮುಗಿಸಿ ಬರೆಯಲು ಕೂತೆ. ಹೆರಿಗೆ ರಿಜಿಸ್ಟರ್, ಕೇಸ್ ಶೀಟ್, ಜನನದ ರಿಪೋರ್ಟು, ಇಂಡೆಂಟು. ಬೆಳಿಗ್ಗೆ ಹ್ಯಾಂಡೋವರ್ ಹೊತ್ತಿಗೆ ಇವೆಲ್ಲ ತುಂಬಿರಬೇಕು.

ಮೊದಲನೆಯವಳ ಅತ್ತೆ ಬಂದು, "ಸೀರೆ ಒದ್ದೆ ಆಗೈತೆ ಕಣವ್ವ" ಅಂದರು.

"ಇನ್ನೊಂದು ಮಡಚಿ ಹಾಕಿ ಅಮ್ಮ" ಅಂದೆ. ತಲೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳೇ "ಕಣ್ಣು ಕತ್ತಲೆ ಬರ್ತಿದೆ" ಅಂದದ್ದು ಕೇಳಿಸಿತು. ಹೋಗಿ ಹೊಟ್ಟೆ ಮೇಲೆ ಕೈ ಇಟ್ಟೆ. ಹೊಕ್ಕುಳದ ಹತ್ತಿರ ಗಟ್ಟಿ ಚೆಂಡಿನ ಹಾಗೆ ಸಿಗಬೇಕಾದ ಗರ್ಭಕೋಶ ಸಿಗಲೇ ಇಲ್ಲ. ಕಲಸಿಟ್ಟ ಮೈದಾ ಹಿಟ್ಟಿನಲ್ಲಿ ಕೈ ಹೋದ ಹಾಗೆ ಹೋಯಿತು. ಸೊಂಟದ ಕೆಳಗೆ ಬಟ್ಟೆ, ಬಟ್ಟೆ ಕೆಳಗೆ ರಕ್ತ. ಆಯಾಗೆ ಡಾಕ್ಟರ್‌ಗೆ ಫೋನ್ ಮಾಡಲು ಕೂಗಿ ಹೇಳಿ, ಒಂದು ಕೈಯಲ್ಲಿ ಹೊಟ್ಟೆ ತಿಕ್ಕುತ್ತಲೇ ಇದ್ದೆ. ಡಾಕ್ಟರ್ ಚಪ್ಪಲಿ ಕೂಡ ಇಲ್ಲದೆ ಓಡಿ ಬಂದರು. ಡ್ರಿಪ್‌ನಲ್ಲಿ ಆಕ್ಸಿಟೋಸಿನ್ ಹಾಕಿದೆವು. ಕ್ಯಾತಿಟರ್ ಹಾಕಿದಾಗ ಮೂತ್ರ ಬಂತು, ಬಂತು, ಬರುತ್ತಲೇ ಇತ್ತು. ಮೂತ್ರಕೋಶ ತುಂಬಿ ಅಡ್ಡ ಕೂತಿದ್ದರೆ ಗರ್ಭಕೋಶ ಬಿಗಿಯಾಗಲು ಆಗುವುದಿಲ್ಲ. ಪಾಪ, ಅವಳು ಸಂಜೆಯಿಂದ ಒಂದು ಸಲವೂ ಹೋಗಿರಲಿಲ್ಲ. ಹೊಸ ಜಾಗ, ನಾಚಿಕೆ. ನಾನೂ ಕೇಳಿರಲಿಲ್ಲ. ಅದು ಖಾಲಿಯಾಗುತ್ತಿದ್ದ ಹಾಗೇ ನನ್ನ ಅಂಗೈ ಕೆಳಗೆ ಗರ್ಭಕೋಶ ಗಟ್ಟಿಯಾಯಿತು.

ಅವಳು ಉಳಿದಳು. ರಕ್ತ ತರಿಸಿ ಕೊಟ್ಟೆವು. ಡಾಕ್ಟರ್ ಬೈಯಲಿಲ್ಲ. ಬೆಳಿಗ್ಗೆ ಬಂದ ನಮ್ಮ ಹಿರಿಯ ಸಿಸ್ಟರ್ ಕೇಸ್ ಶೀಟ್ ತೆಗೆದು ನನ್ನ ಮುಂದೆ ಇಟ್ಟರು, ಅಷ್ಟೇ. ಹೆರಿಗೆ ಆದ ಮೇಲೆ ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ ಹೊಟ್ಟೆ ಮುಟ್ಟಿ, ರಕ್ತಸ್ರಾವ ನೋಡಿ, ನಾಡಿ ಹಿಡಿದು ಬರೆಯಬೇಕು. ನಾನು ನಾಲ್ಕು ಸಾಲು ಒಂದೇ ಉಸಿರಿಗೆ ಬರೆದಿಟ್ಟಿದ್ದೆ. ನಾಲ್ಕರಲ್ಲೂ 'ಯುಟರಸ್ ವೆಲ್ ಕಾಂಟ್ರಾಕ್ಟೆಡ್', ಅಂದರೆ ಗರ್ಭಕೋಶ ಚೆನ್ನಾಗಿ ಬಿಗಿಯಾಗಿದೆ ಅಂತ. ಕೊನೆಯ ಸಾಲಿನ ಟೈಮು, ನಾನು ಮೈದಾ ಹಿಟ್ಟು ಮುಟ್ಟಿದ ಟೈಮು. "ಕೈ ಬರೆದದ್ದಾ, ಪೆನ್ನು ಬರೆದದ್ದಾ?" ಅಂತ ಕೇಳಿದರು. ಉತ್ತರ ಕೊಡಲಿಲ್ಲ. ಅವರಿಗೆ ಬೇಕೂ ಇರಲಿಲ್ಲ.

ಈಗ ರಿಜಿಸ್ಟರ್ ಕಾಯುತ್ತದೆ. ಬರೆಯುವುದು ತಡವಾಯಿತು ಅಂತ ಎಷ್ಟೋ ಸಲ ಮಾತು ಕೇಳಿದ್ದೇನೆ, ಕೇಳಲಿ ಬಿಡಿ. ಬಟ್ಟೆ ಮೇಲಿಂದ ನೋಡಿ ರಕ್ತ ಕಡಿಮೆ ಅನ್ನುವುದಿಲ್ಲ, ಸೊಂಟದ ಅಡಿ ಕೈ ಹಾಕುತ್ತೇನೆ. 500 ಎಂಎಲ್ ದಾಟಿದರೆ ಜಾಸ್ತಿ ಅಂತ ಲೆಕ್ಕ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಒಡೆದು ಹಳೇ ಕಾಟನ್ ಸೀರೆ ಮೇಲೆ ಸುರಿದು ನೋಡಿ, ಏನೂ ಇಲ್ಲ ಅನ್ನಿಸುತ್ತೆ. ಹೊಸ ಪ್ಯಾಡ್ ಐದು ನಿಮಿಷದೊಳಗೆ ಪೂರ್ತಿ ನೆನೆದರೆ ಯೋಚನೆ ಮಾಡುತ್ತಾ ನಿಲ್ಲುವುದಿಲ್ಲ, ಕೂಗುತ್ತೇನೆ.

ದೊಡ್ಡ ಜಗಳ ನೀರಿನದು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತೆ ಅಂತ ಅಜ್ಜಿಯರು ಲೋಟ ಮುಚ್ಚಿಡುತ್ತಾರೆ. ವಾದ ಮಾಡಿ ಮಾಡಿ ಸೋತು, ಈಗ ಜೀರಿಗೆ ಕಷಾಯ ಕೊಡಿ ಅನ್ನುತ್ತೇನೆ. ಅದಕ್ಕೆ ಒಪ್ಪುತ್ತಾರೆ. ಅದೂ ನೀರೇ ತಾನೇ.

ಹೋದ ತಿಂಗಳು ಕೋರ್ಸ್ ಮುಗಿಸಿದ ಹೊಸ ಹುಡುಗಿಯೊಬ್ಬಳು ನಮ್ಮಲ್ಲಿಗೆ ಬಂದಳು. ಒಂದು ಹೆರಿಗೆ ಆಗಿತ್ತು. ಮಗುವಿನ ಸುತ್ತ ಆಗಲೇ ನಾಲ್ಕು ಜನ, ನಾಲ್ಕು ಮೊಬೈಲು. ಅವಳೂ ಅಲ್ಲೇ ಬಗ್ಗಿ ನೋಡುತ್ತಿದ್ದಳು. ಕರೆದು, ಅವಳ ಕೈ ಹಿಡಿದು ಬಾಣಂತಿಯ ಹೊಟ್ಟೆ ಮೇಲೆ ಇಟ್ಟೆ. "ಹೇಗಿದೆ?"

ಒತ್ತಿದಳು. "ಗಟ್ಟಿ ಇದೆ ಅಕ್ಕ. ಆದರೆ ಬಲಗಡೆಗೆ ಸರಿದಿದೆ, ಮೇಲಕ್ಕೂ ಹೋಗಿದೆ."

"ಯಾಕೆ?"

ಸ್ವಲ್ಪ ಯೋಚಿಸಿ ಬಾಣಂತಿಯ ಕಿವಿಯ ಹತ್ತಿರ ಬಗ್ಗಿದಳು. "ಒಂದಕ್ಕೆ ಹೋಗಿದ್ರಾ ಅಮ್ಮ?" ಬಾಣಂತಿ ತಲೆ ಅಲ್ಲಾಡಿಸಿದಳು. ಇಬ್ಬರೂ ಹಿಡಿದು ಮೆಲ್ಲಗೆ ಬಾತ್‌ರೂಮಿಗೆ ಕರೆದುಕೊಂಡು ಹೋದೆವು. ಒಳಗೆ ಕೂತು ಐದು ನಿಮಿಷ ಆದರೂ ಸದ್ದಿಲ್ಲ. "ಆಗ್ತಿಲ್ಲ ಸಿಸ್ಟರ್" ಅಂತ ಅಳುವ ದನಿ. ಹಿಂದಿನಿಂದ ನಮ್ಮ ಆಯಾ ಕೂಗಿದರು, "ಅಯ್ಯೋ, ನಲ್ಲಿ ಬಿಡ್ರವ್ವಾ! ನೀರಿನ ಸದ್ದು ಕೇಳಿದ್ರೆ ತಾನೇ ಬರುತ್ತೆ."

ಹುಡುಗಿ ನಲ್ಲಿ ಬಿಟ್ಟಳು.