ಸೆಲ್ಫ್ ಹೊಡೆಯುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ

ಮಳೆಗಾಲದ ಬೆಳಗ್ಗೆ ಸಾಗರದ ನಮ್ಮ ಗ್ಯಾರೇಜಿಗೆ ಬರುವ ಫೋನುಗಳಲ್ಲಿ ಬಹುಪಾಲು "ಗಾಡಿ ಸ್ಟಾರ್ಟ್ ಆಗುತ್ತಿಲ್ಲ" ಎಂಬವೇ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಸೆಲ್ಫ್ ಹೊಡೆಯುತ್ತದೆಯೋ ಇಲ್ಲವೋ? ಕೀ ತಿರುಗಿಸಿದಾಗ ಬರೀ "ಟಕ್" ಎಂದು ಸುಮ್ಮನಾದರೆ ಬ್ಯಾಟರಿ, ಅದರ ಟರ್ಮಿನಲ್ ಅಥವಾ ಎಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟರಿನ ತಕರಾರು. ಅದರ ದಾರಿ ಬೇರೆ. ಇಲ್ಲಿ ಹೇಳಹೊರಟಿರುವುದು ಎಂಜಿನ್ ಚೆನ್ನಾಗಿಯೇ ತಿರುಗುತ್ತಿದ್ದರೂ ಹತ್ತಿಕೊಳ್ಳದ ಗಾಡಿಯ ಬಗ್ಗೆ.

ಇಂಥ ಗಾಡಿಯನ್ನು ದಯವಿಟ್ಟು ತಳ್ಳಿಸಬೇಡಿ. ತಳ್ಳಿದರೆ ಆಗುವುದಾದರೂ ಏನು? ಎಂಜಿನ್ ತಿರುಗುತ್ತದೆ. ಆ ಕೆಲಸವನ್ನು ಸೆಲ್ಫ್ ಆಗಲೇ ಮಾಡುತ್ತಿತ್ತಲ್ಲ! ಆದರೂ ನಮ್ಮ ಜನ ಮೊದಲು ಬ್ಯಾಟರಿ ಸಾಯುವವರೆಗೆ ಕೀ ತಿರುಗಿಸುತ್ತಾರೆ, ಆಮೇಲೆ ಅಕ್ಕಪಕ್ಕದವರನ್ನು ಕರೆದು ತಳ್ಳಿಸುತ್ತಾರೆ, ಕೊನೆಗೆ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ಒಂದಿದ್ದ ತೊಂದರೆ ಮೂರಾಗಿರುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಸೇರುತ್ತದೆ. ಎಂಜಿನ್ ಹತ್ತಿಕೊಂಡ ಮೇಲೆ ಅದು ಅಲ್ಲಿ ಉರಿದು ಕನ್ವರ್ಟರನ್ನೇ ಹಾಳು ಮಾಡಬಹುದು, ಆ ಬಿಡಿಭಾಗದ ಬೆಲೆ ಕೇಳಿದರೆ ತಳ್ಳಿದವರೂ ಕುಳಿತುಬಿಡುತ್ತಾರೆ. ಸೆಲ್ಫನ್ನು ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಆ ಬಿಡುವಿನಲ್ಲಿ ಏನನ್ನಾದರೂ ನೋಡಿ, ಕೇಳಿ, ಮೂಸಿ. ಏನನ್ನೂ ಬದಲಿಸದೆ ಮತ್ತೆ ಕೀ ತಿರುಗಿಸಿದರೆ ಎಂಜಿನ್ ಮೊದಲು ಕೊಟ್ಟ ಉತ್ತರವನ್ನೇ ಕೊಡುತ್ತದೆ.

ನೆರೆ ನೀರಿನಲ್ಲಿ ನುಗ್ಗಿ ನಿಂತುಹೋದ ಗಾಡಿಗೆ ಮಾತ್ರ ಒಂದು ಸಲವೂ ಸೆಲ್ಫ್ ಹೊಡೆಯಬಾರದು. ಗಾಳಿಯನ್ನು ಒತ್ತಿದಂತೆ ಎಂಜಿನ್ನಿನೊಳಗೆ ಹೊಕ್ಕ ನೀರನ್ನು ಒತ್ತಲು ಪಿಸ್ಟನ್ನಿಗೆ ಸಾಧ್ಯವಿಲ್ಲ, ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಥ ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು.

ಈಗ ಕೆಲಸಕ್ಕೆ ಬರೋಣ. ಕಿಟಕಿ ಮುಚ್ಚಿ, ಫ್ಯಾನ್ ಮತ್ತು ಹಾಡು ನಿಲ್ಲಿಸಿ, ಕೀಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಿ. ಸೆಲ್ಫ್ ಹೊಡೆಯಬೇಡಿ. ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಇರುವ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಿನವುಗಳ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು "ಝುಂ" ಎಂಬ ಸಣ್ಣ ಸದ್ದು ಬರುತ್ತದೆ. ಅದು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು. ಗಾಡಿ ಚೆನ್ನಾಗಿರುವಾಗಲೇ ಒಮ್ಮೆ ಈ ಸದ್ದನ್ನು ಕೇಳಿಟ್ಟುಕೊಂಡಿದ್ದರೆ ಕೆಟ್ಟ ದಿನ ಗುರುತು ಸಿಗುತ್ತದೆ. ಅದೇ ಹೊತ್ತಿಗೆ ಮೀಟರಿನಲ್ಲಿ ಕೀ ಅಥವಾ ಬೀಗದ ಚಿತ್ರದ ದೀಪ ಮಿಣುಕುತ್ತಲೇ ಇದೆಯೇ ನೋಡಿ. ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ನಿಮ್ಮ ಕೀಯನ್ನು ಒಪ್ಪಿಲ್ಲ. ಹಲವು ಗಾಡಿಗಳಲ್ಲಿ ಆಗಲೂ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಇನ್ನೊಂದು ಕೀ ಇದ್ದರೆ ಅದನ್ನು ಹಾಕಿ. ಕೀ ತೂರಿಸಿ ತಿರುಗಿಸುವ ಗಾಡಿಗಳಲ್ಲಿ ರಿಮೋಟಿನ ಸೆಲ್ ಬದಲಿಸಿ ಪ್ರಯೋಜನವಿಲ್ಲ. ಒಳಗಿನ ಚಿಪ್ಪಿಗೆ ಸೆಲ್ ಬೇಕಾಗಿಲ್ಲ.

ಪಂಪಿನ ಸದ್ದು ಬರಲಿಲ್ಲವೇ? ಫ್ಯೂಸ್ ಪೆಟ್ಟಿಗೆ ತೆರೆಯಿರಿ. ಮುಚ್ಚಳದ ಒಳಬದಿಯಲ್ಲಿ ಯಾವ ಫ್ಯೂಸ್ ಯಾವುದಕ್ಕೆ ಎಂಬ ಚಿತ್ರ ಇರುತ್ತದೆ. ಪಂಪಿನ ಫ್ಯೂಸ್ ಸರಿಯಿದ್ದರೆ ಪಂಪಿನ ರಿಲೇ (ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಿನಂಥ ಸಣ್ಣ ಡಬ್ಬಿ) ತೆಗೆದು, ಮೇಲೆ ಅದೇ ನಂಬರ್ ಇರುವ ಇನ್ನೊಂದು ರಿಲೇಯನ್ನು ಅಲ್ಲಿಗೆ ಹಾಕಿ ನೋಡಿ. ಎಷ್ಟೋ ಸಲ ಹಾರ್ನಿನ ರಿಲೇಯೇ ಹೊಂದುತ್ತದೆ. ಹಾರ್ನ್ ಇಲ್ಲದೆ ಗ್ಯಾರೇಜಿನವರೆಗೆ ಬರಬಹುದು, ಆದರೆ ಘಟ್ಟದ ತಿರುವುಗಳಿದ್ದರೆ ಆ ಸಾಹಸ ಬೇಡ. ಅದಕ್ಕೂ ಆಗದಿದ್ದರೆ ಒಬ್ಬರು ಟ್ಯಾಂಕಿನ ತಳಕ್ಕೆ ಅಂಗೈಯಿಂದ ನಾಲ್ಕು ಏಟು ಕೊಡುತ್ತಿರುವಾಗ ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಸವೆದ ಪಂಪು ಹೀಗೆ ಕೊನೆಯದಾಗಿ ಒಮ್ಮೆ ಎಚ್ಚರಗೊಳ್ಳುವುದುಂಟು. ಎಚ್ಚರಗೊಂಡರೆ ನೇರವಾಗಿ ಗ್ಯಾರೇಜಿಗೆ ಬನ್ನಿ, ದಾರಿಯಲ್ಲಿ ತರಕಾರಿಗೆಂದು ಎಂಜಿನ್ ಆಫ್ ಮಾಡಬೇಡಿ. ಫೋರ್ಡ್ ಗಾಡಿ ಇಟ್ಟುಕೊಂಡವರು ಇನ್ನೊಂದನ್ನೂ ನೋಡಬೇಕು. ಡಿಕ್ಕಿಯಾದರೆ ಪಂಪನ್ನು ನಿಲ್ಲಿಸುವ ಗುಂಡಿಯೊಂದು ಅವುಗಳಲ್ಲಿ ಹಲವಕ್ಕೆ ಇದೆ, ದೊಡ್ಡ ಹೊಂಡಕ್ಕೆ ಬಿದ್ದರೂ ಅದು ಮೇಲೆದ್ದುಬಿಡಬಹುದು. ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲ ಎಂದು ನೋಡಿಕೊಂಡು ಒತ್ತಿದರೆ ಆಯಿತು.

ಮಲೆನಾಡಿನ ಮನೆಗಳ ಅಂಗಳ ಸಮತಟ್ಟಾಗಿರುವುದು ಅಪರೂಪ. ಟ್ಯಾಂಕಿನಲ್ಲಿ ಎರಡು ಮೂರು ಲೀಟರ್ ಮಾತ್ರ ಇದ್ದು, ಗಾಡಿ ರಾತ್ರಿಯಿಡೀ ಇಳಿಜಾರಿನಲ್ಲಿ ನಿಂತಿದ್ದರೆ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪಿಗೆ ಗಾಳಿಯೇ ಸಿಗುತ್ತದೆ. ಮುಳ್ಳು ಸ್ವಲ್ಪ ಮೇಲಿದೆ ಎಂದು ನಂಬಬೇಡಿ. ಸಮತಟ್ಟು ಜಾಗಕ್ಕೆ ಇಳಿಸಿ ಅಥವಾ ಐದು ಲೀಟರ್ ತಂದು ಹಾಕಿ. ತಳ್ಳುವುದಕ್ಕೆ ನಾನು ಒಪ್ಪುವ ಸಂದರ್ಭ ಇದೊಂದೇ. ಗ್ಯಾಸಿನ ಓಮ್ನಿ ಇರುವವರು ಪೆಟ್ರೋಲನ್ನು ಪೂರ್ತಿ ಒಣಗಿಸಿ ಬರೀ ಗ್ಯಾಸಿನಲ್ಲಿ ಓಡಿಸುತ್ತಾರೆ. ಇಂಜೆಕ್ಟರ್ ಮಾದರಿಯಲ್ಲಿ ಟ್ಯಾಂಕಿನೊಳಗಿನ ಪಂಪಿಗೆ ತಂಪು ಕೊಡುವುದೇ ಆ ಪೆಟ್ರೋಲ್. ಅದಿಲ್ಲದಿದ್ದರೆ ಪಂಪು ಬೇಗ ಸುಟ್ಟುಹೋಗುತ್ತದೆ.

ಪಂಪು ಸದ್ದು ಮಾಡುತ್ತಿದೆ, ಗಾಡಿ ಮಾತ್ರ ಹತ್ತುತ್ತಿಲ್ಲ ಎಂದಾದರೆ ಮೂಗಿಗೆ ಕೆಲಸ ಕೊಡಿ. ಸೈಲೆನ್ಸರ್ ಬಳಿ ಪೆಟ್ರೋಲ್ ಘಾಟು ಗಾಢವಾಗಿ ಬರುತ್ತಿದ್ದರೆ ಪೆಟ್ರೋಲ್ ತಲುಪುತ್ತಿದೆ, ಕಿಡಿ ಸಾಲುತ್ತಿಲ್ಲ ಅಥವಾ ಓವರ್‌ಫ್ಲೋ ಆಗಿದೆ, ಅಂದರೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ಗುಗಳು ಒದ್ದೆಯಾಗಿವೆ. ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಾಗೆಯೇ ಹಿಡಿದು ಸೆಲ್ಫ್ ಹೊಡೆಯಿರಿ. ಹೆಚ್ಚಿನ ಇಂಜೆಕ್ಟರ್ ಗಾಡಿಗಳ ಕಂಪ್ಯೂಟರ್ ಇದನ್ನು ಕಂಡು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆಸುತ್ತದೆ, ಒದ್ದೆಯಾದ ಪ್ಲಗ್ಗುಗಳು ಒಣಗುತ್ತವೆ. ಕಾರ್ಬುರೇಟರಿನ ಹಳೆಯ ಮಾರುತಿ 800 ಆದರೆ ಚೋಕನ್ನು ಒಳಗೆ ತಳ್ಳಿ ಇದನ್ನೇ ಮಾಡಿ. ಪೆಡಲನ್ನು ಪಂಪ್ ಮಾಡಬೇಡಿ, ಒಂದೊಂದು ತುಳಿತಕ್ಕೂ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ.

ಮಳೆಗಾಲದಲ್ಲಿ ಕಿಡಿ ಸಾಯುವುದಕ್ಕೆ ತೇವವೇ ದೊಡ್ಡ ಕಾರಣ. ಕಿಡಿಯ ಕರೆಂಟನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಲ್ಲಿ ಅದರ ಮುಚ್ಚಳ ತೆಗೆದು ಒಳಗನ್ನು ಒಣ ಬಟ್ಟೆಯಿಂದ ಒರೆಸಿ, ಪ್ಲಗ್ ವೈರುಗಳನ್ನೂ ಒರೆಸಿ. ಕತ್ತಲಲ್ಲಿ ಬಾನೆಟ್ ಎತ್ತಿ ಬೇರೆಯವರಿಂದ ಸೆಲ್ಫ್ ಹೊಡೆಸಿದರೆ, ಬಿರುಕು ಬಿಟ್ಟ ವೈರಿನ ಮೇಲೆ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಆಗ ಕೈಗಳನ್ನು ದೂರ ಇಡಿ. ಅಲ್ಲಿ ಓಡುತ್ತಿರುವುದು ಸಾವಿರಾರು ವೋಲ್ಟ್. ಹೊಸ ಗಾಡಿಗಳಲ್ಲಿ ಪ್ಲಗ್ಗಿನ ಮೇಲೆಯೇ ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಕೂತಿರುತ್ತದೆ. ಅಲ್ಲಿ ಪ್ಲಗ್ ಕಳಚಿ ಬಾಡಿಗೆ ಮುಟ್ಟಿಸಿ ಕಿಡಿ ನೋಡುವ ಹಳೆಯ ವಿದ್ಯೆ ತೋರಿಸಿದರೆ ಕಂಪ್ಯೂಟರಿಗೇ ಏಟು ಬೀಳಬಹುದು.

ತೇವದ ನಂತರದ ಶತ್ರು ಇಲಿ. ಅಡಿಕೆ ತೋಟದ ನಡುವೆ ವಾರಗಟ್ಟಲೆ ನಿಂತ ಗಾಡಿಯ ಎಂಜಿನ್ ಮೇಲೆ ಇಲಿ ಸಂಸಾರ ಹೂಡುತ್ತದೆ. ಏರ್ ಫಿಲ್ಟರ್ ಪೆಟ್ಟಿಗೆ ತೆರೆದರೆ ಒಣ ಎಲೆ, ಹತ್ತಿ, ಅಡಿಕೆ ಸಿಪ್ಪೆ! ಇಂಜೆಕ್ಟರಿಗೆ ಹೋಗುವ ಸಣ್ಣ ವೈರುಗಳನ್ನು ಟಾರ್ಚ್ ಹಿಡಿದು ಒಂದೊಂದಾಗಿ ನೋಡಿ. ಕಡಿದ ವೈರನ್ನು ಬರೀ ತಿರುಚಿ ಟೇಪು ಸುತ್ತುವುದು ಮನೆ ತಲುಪುವುದಕ್ಕೆ ಮಾತ್ರ, ಆಮೇಲೆ ಸರಿಯಾಗಿ ಬೆಸುಗೆ ಹಾಕಿಸಿ.

ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಬಂದು ಚಹಾಕ್ಕೆ ನಿಲ್ಲಿಸಿದ ಗಾಡಿ ಮತ್ತೆ ಹತ್ತದೆ, ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ ಎಂದರೆ ನನ್ನ ಅನುಮಾನ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಮೇಲೆ. ಬಿಸಿಯಾದಾಗ ಅದು ಸುಳಿವು ಕೊಡುವುದನ್ನೇ ನಿಲ್ಲಿಸುತ್ತದೆ. ಎಂಜಿನ್ ತಿರುಗುತ್ತಿದೆ ಎಂಬುದೇ ಕಂಪ್ಯೂಟರಿಗೆ ಗೊತ್ತಾಗದೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಏಳುವುದೇ ಇಲ್ಲವಾದರೆ ಅನುಮಾನ ಇನ್ನಷ್ಟು ಗಟ್ಟಿ. ಡ್ಯಾಶ್‌ಬೋರ್ಡ್ ಅಡಿಯ ಸಾಕೆಟ್ಟಿಗೆ ಮೊಬೈಲಿಗೆ ಜೋಡಿಸುವ ಸ್ಕ್ಯಾನರ್ ಹಾಕಿದಾಗ ಪಿ0335 ಎಂಬ ಕೋಡ್ ಬಂದರೆ ಅದು ಇದೇ ಸೆನ್ಸರಿನ ಕಡೆ ಬೆರಳು ತೋರಿಸುತ್ತಿದೆ. ಸೆನ್ಸರ್ ಬದಲಿಸುವ ಮೊದಲು ಅದರ ವೈರು ಮತ್ತು ಕನೆಕ್ಟರ್ ನೋಡುವುದು ಮೆಕ್ಯಾನಿಕ್ಕಿನ ಕರ್ತವ್ಯ. ನೋಡದಿದ್ದರೆ ನೀವೇ ಕೇಳಿ.

ಸೆಲ್ಫಿನ ಸದ್ದಿನಲ್ಲಿಯೂ ಸುಳಿವಿದೆ. ಎಂದಿನ ಲಯ ತಪ್ಪಿ, ಯಾವ ತಡೆಯೂ ಇಲ್ಲದಂತೆ ಎಂಜಿನ್ ಹಗುರವಾಗಿ, ವೇಗವಾಗಿ ತಿರುಗಿದರೆ ಕೀ ತೆಗೆದುಬಿಡಿ. ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು, ಕೆಲವು ಎಂಜಿನ್‌ಗಳಲ್ಲಿ ಇನ್ನೂ ತಿರುಗಿಸಿದರೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಬದಲಿಗೆ ಎಳೆದೆಳೆದು ನಿಧಾನವಾಗಿ ತಿರುಗಿದರೆ ಬ್ಯಾಟರಿ ಸೋತಿದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಇನ್ನೊಂದು ಗಾಡಿಯಿಂದ ಜಂಪ್ ಕೇಬಲ್ ಕೊಟ್ಟು ನೋಡಿ.

ಡೀಸೆಲ್ ಗಾಡಿಗೆ ಕಿಡಿ ಬೇಡ. ಚಳಿಯಲ್ಲಿ ಮೀಟರಿನ ಕಾಯಿಲ್ (ಸುರುಳಿ) ಚಿತ್ರದ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಿರಿ. ಡೀಸೆಲ್ ಪೂರ್ತಿ ಮುಗಿದು ಪೈಪಿನಲ್ಲಿ ಏರ್ (ಗಾಳಿ) ಹಿಡಿದಿದ್ದರೆ ಡೀಸೆಲ್ ಹಾಕಿದ ಮೇಲೆ ಫಿಲ್ಟರ್ ಬಳಿಯ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ. ಕಾಮನ್ ರೈಲ್ ಎಂಜಿನ್ನಿನ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಎಂಜಿನ್) ಇಂಜೆಕ್ಟರ್ ಪೈಪನ್ನು ಸಡಿಲಿಸಿ ಏರ್ ತೆಗೆಯಲು ಹೋಗಬೇಡಿ. ಅಲ್ಲಿನ ಒತ್ತಡ 1,000 ಬಾರ್ ಮೀರುತ್ತದೆ, ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ.

ಇಷ್ಟಾದರೂ ಹತ್ತದಿದ್ದರೆ ಫೋನ್ ಮಾಡಿ. ಮಾಡಿದಾಗ ಗಾಡಿಯ ಮಾದರಿ, ವರ್ಷ, ಪಂಪು ಸದ್ದು ಮಾಡಿತೇ, ಪೆಟ್ರೋಲ್ ಘಾಟು ಬಂತೇ, ಯಾವ ದೀಪ ಉರಿಯುತ್ತಿದೆ, ಬಿಸಿಯಿದ್ದಾಗ ನಿಂತಿತೋ ತಣ್ಣಗಿದ್ದಾಗಲೋ ಎಂದು ಹೇಳಿದರೆ ನಾನು ಬೇಕಾದ ಬಿಡಿಭಾಗ ಹಿಡಿದೇ ಬರುತ್ತೇನೆ. ಗೇರ್ ಆಟೊಮ್ಯಾಟಿಕ್ಕೋ ಕೈಯಿಂದ ಹಾಕುವುದೋ ಎಂಬುದನ್ನೂ ಹೇಳಿ. ಆಟೊಮ್ಯಾಟಿಕ್ಕಾದರೆ ಹಗ್ಗ ಕಟ್ಟಿ ಎಳೆಯುವಂತಿಲ್ಲ, ಗಾಡಿ ಹೇರಿಕೊಂಡು ಹೋಗುವ ಲಾರಿಯೇ ಬೇಕು. ಮ್ಯಾನುಯಲ್ ಗಾಡಿಯನ್ನು ಹಗ್ಗದಲ್ಲಿ ಎಳೆಸುವವರು ಸ್ಟಿಯರಿಂಗ್ ಲಾಕ್ ಆಗದಂತೆ ಕೀ ಆನ್ ಮಾಡಿಡಿ. ಎಂಜಿನ್ ಓಡದಿರುವಾಗ ಬ್ರೇಕ್ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ, ಎರಡರಷ್ಟು ಜೋರಾಗಿ ತುಳಿಯಲು ಕಾಲು ಸಿದ್ಧವಾಗಿರಲಿ.