ಧೂಮಕೇತು ಯಾವಾಗ ಕಾಣುತ್ತದೆ? ಕೋಲಾರದಿಂದ ನಾನು ಲೆಕ್ಕ ಹಾಕುವ ರೀತಿ

ಧೂಮಕೇತು ಬಂದಾಗಲೆಲ್ಲ ಸುದ್ದಿಯವರು ಒಂದು ತಾರೀಖು ಹಿಡಿದುಕೊಳ್ಳುತ್ತಾರೆ. 2024ರಲ್ಲಿ ಸುಚಿನ್‌ಶಾನ್-ಅಟ್ಲಾಸ್ ಬಂದಾಗ ಆ ತಾರೀಖು ಅಕ್ಟೋಬರ್ 12, ವಿಜಯದಶಮಿ. ಅವತ್ತು ಅದು ಭೂಮಿಗೆ ಅತಿ ಹತ್ತಿರ, ಸುಮಾರು 7 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಲೆಕ್ಕವೇನೋ ಸರಿ. ಆದರೆ ಹತ್ತಿರ ಬರುವ ದಿನ ಬೇರೆ, ಕಣ್ಣಿಗೆ ಬೀಳುವ ದಿನ ಬೇರೆ. ಕೋಲಾರದಿಂದ ನನಗೆ ಅದು ಚೆನ್ನಾಗಿ ಸಿಕ್ಕಿದ್ದು ಮಹಾಲಯ ಅಮಾವಾಸ್ಯೆಯ ಬೆಳಗಿನ ಜಾವ, ಅಂದರೆ ಅಕ್ಟೋಬರ್ 2ರಂದು.

ಆ ದಿನವನ್ನು ಮೊದಲೇ ಗುರುತು ಹಾಕಿಕೊಂಡಿದ್ದೆ. ನಾನು ಮಾಡುವುದು ಇಷ್ಟೇ. ಕಂಪ್ಯೂಟರಿನಲ್ಲಿ ಆಕಾಶ ತೋರಿಸುವ ಸ್ಟೆಲೇರಿಯಂ ಸಾಫ್ಟ್‌ವೇರ್ ತೆರೆದು, ಜಾಗ ಕೋಲಾರ ಎಂದು ಕೊಡುತ್ತೇನೆ. ಹೊಸ ಧೂಮಕೇತು ಅದರಲ್ಲಿ ತಾನಾಗಿ ಇರುವುದಿಲ್ಲ, ಕಕ್ಷೆಯ ವಿವರ ಹಾಕಿಕೊಳ್ಳಬೇಕು. ಹಾಕಿದ ಮೇಲೂ ಆಗಾಗ ಅಪ್‌ಡೇಟ್ ಮಾಡಬೇಕು. ಬಿಸಿಲಿಗೆ ಐಸ್ ಆವಿಯಾಗಿ ಚಿಮ್ಮುವಾಗ ಆ ನೂಕಿಗೆ ಧೂಮಕೇತುವಿನ ದಾರಿ ಸ್ವಲ್ಪ ಸರಿಯುತ್ತದೆ.

ಆಮೇಲೆ ಸೂರ್ಯ ದಿಗಂತದಿಂದ 12 ಡಿಗ್ರಿ ಕೆಳಗಿರುವ ಹೊತ್ತಿಗೆ ಅದರಲ್ಲಿನ ಗಡಿಯಾರ ನಿಲ್ಲಿಸುತ್ತೇನೆ. ನಮ್ಮ ಕಡೆ ಅದು ಸೂರ್ಯೋದಯಕ್ಕೆ ಸುಮಾರು 50 ನಿಮಿಷ ಮುಂಚೆ. ಅಕ್ಟೋಬರ್ ಮೊದಲ ವಾರದಲ್ಲಿ ಐದೂಕಾಲರ ಆಸುಪಾಸು. ಅದಕ್ಕಿಂತ ಮುಂಚೆ ಧೂಮಕೇತು ತೀರಾ ಕೆಳಗಿರುತ್ತದೆ, ಆಮೇಲೆ ಬೆಳಕು ಹರಿಯುತ್ತದೆ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ, ಹಾಗಾಗಿ ನಮಗೆ ಸಿಗುವ ಕಿಟಕಿ ಹದಿನೈದು-ಇಪ್ಪತ್ತು ನಿಮಿಷ ಅಷ್ಟೇ. ಆ ಹೊತ್ತಿನ ಎತ್ತರ, ದಿಕ್ಕು, ಚಂದ್ರ ಎಲ್ಲಿದ್ದಾನೆ, ಇವಿಷ್ಟನ್ನು ಒಂದೊಂದು ದಿನಕ್ಕೆ ಒಂದೊಂದು ಸಾಲಿನಂತೆ ಹಾಳೆಯಲ್ಲಿ ಬರೆಯುತ್ತೇನೆ. ಚಂದ್ರನ ಲೆಕ್ಕಕ್ಕೆ ಆ್ಯಪ್ ಬೇಕಾಗಿಲ್ಲ, ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿದರೆ ಸಾಕು.

ಹಾಳೆ ನೋಡಿದರೆ ಕತೆ ತಾನೇ ಬಿಡಿಸಿಕೊಂಡಿತು. ಸೆಪ್ಟೆಂಬರ್ 27ಕ್ಕೆ ಅದು ಸೂರ್ಯನಿಗೆ ಅತಿ ಹತ್ತಿರ. ಆಮೇಲೆ ಕೆಲವೇ ದಿನ ಬೆಳಗಿನ ಪೂರ್ವದಲ್ಲಿ ಇದ್ದು, ಸೂರ್ಯನ ಕಡೆಗೆ ಇಳಿದುಬಿಡುತ್ತದೆ. ಮೊದಮೊದಲು ಚಂದ್ರನ ಬೆಳಕು ಸ್ವಲ್ಪ ಇರುತ್ತದೆ, ಅಮಾವಾಸ್ಯೆಗೆ ಅದೂ ಇಲ್ಲ. ಗಾಂಧಿ ಜಯಂತಿ ರಜೆ ಬೇರೆ.

ಇನ್ನು ಜಾಗ. ಇದು ಮಾತ್ರ ಯಾವ ಸಾಫ್ಟ್‌ವೇರೂ ಹೇಳುವುದಿಲ್ಲ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ 1 ಡಿಗ್ರಿ. ಧೂಮಕೇತು ಒಂದು ಮುಷ್ಟಿಗಿಂತ ಕೆಳಗೇ ಇರುತ್ತದೆ ಎಂದು ಹಾಳೆ ಹೇಳುತ್ತಿತ್ತು. ಅಂದರೆ ಒಂದು ತೆಂಗಿನ ತೋಟ ಅಡ್ಡ ಬಂದರೂ ಮುಗಿಯಿತು. ಕೆರೆ ಏರಿಯೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಬೆಂಗಳೂರಿನಿಂದ ಶುದ್ಧೀಕರಿಸಿ ಹರಿಸುವ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ನಮ್ಮ ಕಡೆ ಕೆರೆಗಳು ತುಂಬಿವೆ, ಜಾವದಲ್ಲಿ ನೀರಿನ ಮೇಲೆ ಮಂಜು ಕೂರುತ್ತದೆ. ಆ ಮಂಜು ಕೆಳಗಿನ ನಾಲ್ಕೈದು ಡಿಗ್ರಿಯನ್ನು ನುಂಗಿಬಿಡುತ್ತದೆ. ನಾನು ಮುಳಬಾಗಿಲು ಕಡೆ ರಸ್ತೆ ಬಿಟ್ಟು ಒಳಗೆ ಹೋಗಿ, ರಾಗಿ ಹೊಲದ ಪಕ್ಕದ ಒಂದು ಬಂಡೆ ಆರಿಸಿಕೊಂಡೆ. ಹೆದ್ದಾರಿಯಿಂದ ದೂರ ಹೋಗಲೇಬೇಕು. ಟೊಮ್ಯಾಟೊ ಲಾರಿಯ ಹೆಡ್‌ಲೈಟ್ ಒಮ್ಮೆ ಕಣ್ಣಿಗೆ ಹೊಡೆದರೆ ಕತ್ತಲೆಗೆ ಹೊಂದಿದ್ದ ಕಣ್ಣು ಮತ್ತೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ಕಿಟಕಿಯೇ ಮುಚ್ಚಿರುತ್ತದೆ.

ಬೆಳಕಿನ ಲೆಕ್ಕವನ್ನು ನಾನು ಜಾಸ್ತಿ ನಂಬುವುದಿಲ್ಲ. ಇದೇ ಧೂಮಕೇತು ಸೂರ್ಯನ ಹತ್ತಿರ ಹೋಗುವ ಮೊದಲೇ ಪುಡಿಯಾಗುತ್ತದೆ ಎಂದು ಆ ಜುಲೈನಲ್ಲಿ ಹೆಸರಾಂತ ತಜ್ಞ ಸೆಕನಿನಾ ಬರೆದಿದ್ದರು. ಅದು ಗಟ್ಟಿಯಾಗಿಯೇ ಉಳಿಯಿತು. ಅದಕ್ಕೇ ಮುನ್ಸೂಚನೆ ಬಿಟ್ಟು, ನಿನ್ನೆ ಮೊನ್ನೆ ನಿಜವಾಗಿ ನೋಡಿದವರು ಕೊಟ್ಟ ಅಂದಾಜು ನೋಡುತ್ತೇನೆ. ಅದರಲ್ಲೂ ಒಂದಿಷ್ಟು ಕಳೆಯಬೇಕು. ಹೊಳಪಿನ ಅಳತೆಯಲ್ಲಿ ಮ್ಯಾಗ್ನಿಟ್ಯೂಡ್ 2 ಎಂದರೆ ಧ್ರುವ ನಕ್ಷತ್ರದಷ್ಟು ಹೊಳೆಯುತ್ತದೆ ಅಂತ ಅಲ್ಲ. ಆ ಬೆಳಕೆಲ್ಲ ಒಂದೇ ಚುಕ್ಕಿಯಲ್ಲಿ ಇಲ್ಲ, ಹರಡಿಕೊಂಡಿರುತ್ತದೆ. ಮೇಲಾಗಿ ದಿಗಂತದ ಹತ್ತಿರದ ದಪ್ಪ ಗಾಳಿಯೇ ಸುಮಾರು ಎರಡು ಮ್ಯಾಗ್ನಿಟ್ಯೂಡ್ ತಿಂದುಹಾಕುತ್ತದೆ.

ಅವತ್ತು ಮೇಲೆ ಮಘಾ ನಕ್ಷತ್ರ ಗುರುತಾಯಿತು. ಅಲ್ಲಿಂದ ಕೆಳಗೆ, ನೇರ ಪೂರ್ವಕ್ಕೆ ತುಸು ಬಲಕ್ಕೆ, 10x50 ಬೈನಾಕ್ಯುಲರ್ ಅನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ಆಡಿಸಿದೆ. ಮೊದಲು ಸಿಕ್ಕಿದ್ದು ತಲೆ, ಉಜ್ಜಿ ಬಿಟ್ಟ ಸೀಮೆಸುಣ್ಣದ ಚುಕ್ಕಿಯ ಹಾಗೆ. ಅದರಿಂದ ಮೇಲಕ್ಕೆ ಬಾಲ. ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿರುತ್ತದೆ, ಜಾವದಲ್ಲಿ ಸೂರ್ಯ ಕೆಳಗಿರುವುದರಿಂದ ಅದು ನೆಟ್ಟಗೆ ಮೇಲೆದ್ದಿರುತ್ತದೆ. ಬೈನಾಕ್ಯುಲರ್‌ನಲ್ಲಿ ಜಾಗ ಗೊತ್ತಾದ ಮೇಲೆ ಬರಿಗಣ್ಣಿಗೂ ಸಿಕ್ಕಿತು, ನೇರ ದಿಟ್ಟಿಸದೆ ಸ್ವಲ್ಪ ಓರೆಗಣ್ಣಲ್ಲಿ ನೋಡಿದಾಗ. ಸ್ಟ್ಯಾಂಡಿಗೆ ಕಟ್ಟಿದ ಮೊಬೈಲು ಐದು ಸೆಕೆಂಡಿನ ಫೋಟೋದಲ್ಲಿ ಕಣ್ಣಿಗಿಂತ ಉದ್ದದ ಬಾಲ ತೋರಿಸಿತು. ಡೈರಿಗೆ ಹಾಲು ಹಾಕಲು ಕ್ಯಾನ್ ಹಿಡಿದು ಹೊರಟಿದ್ದ ಒಬ್ಬರು "ತೋಕ ಚುಕ್ಕನಾ? ಎಲ್ಲಿ, ಕೊಡು ಇಲ್ಲಿ" ಎಂದು ಧೂಮಕೇತುವಿನ ತೆಲುಗು ಹೆಸರು ಹೇಳುತ್ತಲೇ ಬೈನಾಕ್ಯುಲರ್ ಕಿತ್ತುಕೊಂಡು, ಬೆಳಕು ಹರಿಯುವವರೆಗೂ ವಾಪಸ್ ಕೊಡಲಿಲ್ಲ.

ಆಮೇಲೆ ಅದು ಸೂರ್ಯನ ಪಕ್ಕದಲ್ಲೇ ಹಾದುಹೋಯಿತು. ಆ ದಿನಗಳಲ್ಲಿ ಸೂರ್ಯನನ್ನೇ ನೋಡುತ್ತಿರುವ ಸೋಹೋ ಉಪಗ್ರಹದ ಚಿತ್ರಗಳಲ್ಲಿ ಮಾತ್ರ ಕಂಡಿತು. ವಿಜಯದಶಮಿಯಿಂದ ಸಂಜೆ ಪಶ್ಚಿಮದಲ್ಲಿ, ಶುಕ್ರ ಮತ್ತು ಸ್ವಾತಿ ನಕ್ಷತ್ರದ ನಡುವೆ. ಕೋಲಾರದವರ ತೊಂದರೆ ಇಲ್ಲೇ. ಊರಿನ ಪಶ್ಚಿಮಕ್ಕೆ ಅಂತರಗಂಗೆ ಬೆಟ್ಟ ಹತ್ತಿರ ಹತ್ತಿರ ಒಂದು ಮುಷ್ಟಿ ಎತ್ತರಕ್ಕೆ ಅಡ್ಡ ನಿಲ್ಲುತ್ತದೆ. ಬೆಟ್ಟದ ಮೇಲೆ ತೇರಹಳ್ಳಿ ಕಡೆ ಹೋದರೆ ಅಡ್ಡ ಏನೂ ಇಲ್ಲ, ಆದರೆ ಅದೇ ದಿಕ್ಕಿನಲ್ಲಿ ಬೆಂಗಳೂರಿನ ಬೆಳಕು. ಜೊತೆಗೆ 15ಕ್ಕೆ ಹಿಂಗಾರು ಶುರುವಾಯಿತು, 17ಕ್ಕೆ ಶೀಗೆ ಹುಣ್ಣಿಮೆ. ಇಪ್ಪತ್ತರ ನಂತರ ಚಂದ್ರ ತಡವಾಗಿ ಹುಟ್ಟುತ್ತಾನೆ ಎಂದು ಕಾದು, ಮೋಡದ ಸಂದಿಯಲ್ಲಿ ಒಮ್ಮೆ ನೋಡಿದೆ. ಎತ್ತರಕ್ಕೆ ಬಂದಿತ್ತು, ಆದರೆ ಮಂಕಾಗಿತ್ತು.

2025ರ ಅಕ್ಟೋಬರಿನಲ್ಲಿ ಲೆಮ್ಮನ್ ಬಂದಾಗಲೂ ಇದೇ ಹಾಳೆ, ಇದೇ ಸಾಲುಗಳು. ಭೂಮಿಗೆ ಹತ್ತಿರದ ದಿನ 21, ಅಮಾವಾಸ್ಯೆಯ ಆಸುಪಾಸು, ಕತ್ತಲೆ ಬೇಕಾದಷ್ಟು. ದೀಪಾವಳಿ ಪಟಾಕಿ ಹೊಗೆಗೆ ಮಾತ್ರ ಹಾಳೆಯಲ್ಲಿ ಹೊಸದೊಂದು ಕಾಲಂ ಹಾಕಬೇಕಾಯಿತು.