ಅಡ್ವಾನ್ಸ್‌ನಲ್ಲಿ ಸುಮ್ನೆ ದುಡ್ಡು ಮುರಿದುಕೊಂಡರೆ ಏನು ಮಾಡಬೇಕು?

ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟಾಯಿತು. ವಾಪಸ್ ಬಂದ ಅಡ್ವಾನ್ಸ್ ನೋಡಿದರೆ ಲೆಕ್ಕ ಹೊಂದುತ್ತಿಲ್ಲ. ಬಣ್ಣಕ್ಕೆ ಇಷ್ಟು, ಕ್ಲೀನಿಂಗ್‌ಗೆ ಇಷ್ಟು, ‘ಇತರೆ’ ಅಂತ ಇನ್ನಷ್ಟು. ಕೇಳಿದರೆ ‘ಎಲ್ಲರ ಹತ್ತಿರಾನೂ ಹಿಡಿಯೋದೇ ಹೀಗೆ’ ಎಂಬ ಉತ್ತರ. ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ. ಬಿಡಬೇಕಾಗಿಲ್ಲ.

ಅಡ್ವಾನ್ಸ್ ನಿಮ್ಮ ದುಡ್ಡು. ಮಾಲೀಕರ ಹತ್ತಿರ ಅದು ಇರುವುದು ಭದ್ರತೆಗೆ ಮಾತ್ರ. ಅದರಲ್ಲಿ ಒಂದು ಪಾಲು ಇಟ್ಟುಕೊಳ್ಳಬೇಕಾದರೆ ಯಾಕೆ, ಎಷ್ಟು ಎಂದು ಅವರೇ ತೋರಿಸಬೇಕು. ಆದ್ದರಿಂದ ‘ನಾನು ಏನೂ ಹಾಳು ಮಾಡಿಲ್ಲ’ ಎಂದು ವಾದ ಶುರು ಮಾಡಬೇಡಿ. ‘ಯಾವುದಕ್ಕೆ ಎಷ್ಟು ಹಿಡಿದಿದ್ದೀರಿ?’ ಎಂದು ಕೇಳಿ.

ಮೊದಲು ಪಟ್ಟಿ ತರಿಸಿಕೊಳ್ಳಿ

ಫೋನ್‌ನಲ್ಲಿ ಜಗಳ ಬೇಡ. ಮೆಸೇಜ್ ಅಥವಾ ಇಮೇಲ್‌ನಲ್ಲಿ ಕೇಳಿ: ಪ್ರತಿಯೊಂದು ಖರ್ಚು ಬೇರೆಬೇರೆಯಾಗಿ, ಅದರ ಮೊತ್ತ, ಬಿಲ್, ಹಾಳಾದ ಜಾಗದ ಫೋಟೊ. ಒಟ್ಟು ಮೊತ್ತ ಜಾಸ್ತಿ ಆಯಿತು ಅಂತ ಹೇಳಿದರೆ ಚೌಕಾಸಿ ಶುರುವಾಗುತ್ತದೆ. ಒಂದೊಂದೇ ಬಾಬತ್ತು ಹಿಡಿದು ಕೇಳಿದರೆ ಲೆಕ್ಕ ಕೊಡಲೇಬೇಕಾಗುತ್ತದೆ. ಎಲ್ಲ ಮೊತ್ತವೂ ಸೊನ್ನೆಯಲ್ಲೇ ಮುಗಿದಿದ್ದರೆ, ಬಿಲ್ ಒಂದೂ ಇಲ್ಲದಿದ್ದರೆ, ಅದು ಅಂದಾಜಿಗೆ ಬರೆದ ಪಟ್ಟಿ ಎಂದೇ ಅನುಮಾನಿಸಿ.

ಹೀಗೆ ಪಟ್ಟಿ ಕೇಳುವುದು ಅತಿಯಾಯಿತೇನೋ ಅಂತ ಹಿಂಜರಿಯಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆದಾರರು ಮನೆ ಬಿಟ್ಟ 21 ದಿನಗಳೊಳಗೆ ಮಾಲೀಕರು ಇಂಥ ಪಟ್ಟಿ ಕೊಡಬೇಕೆಂದು ಕಾನೂನೇ ಇದೆ. ನೀವಿರುವ ಕಡೆ ಯಾವ ಗಡುವು ಇದೆ ಎಂದು ನೋಡಿ. ಕರಾರು ಪತ್ರದಲ್ಲೂ ಇರಬಹುದು, ಅಡ್ವಾನ್ಸ್ ವಾಪಸ್ ಕೊಡುವ ಷರತ್ತನ್ನು ಪೂರ್ತಿ ಓದಿ.

ಸವೆತ ಯಾವುದು, ಹಾನಿ ಯಾವುದು

ಹೆಚ್ಚಿನ ತಕರಾರು ಹುಟ್ಟುವುದೇ ಇಲ್ಲಿ. ಚಪ್ಪಲಿ ಮೆಟ್ಟಿದರೆ ಅಟ್ಟೆ ಸವೆಯುತ್ತದೆ, ಮನೆಯೂ ಹಾಗೆಯೇ. ಬಿಸಿಲಿಗೆ ಮಂಕಾದ ಬಣ್ಣ, ಓಡಾಡಿ ಹೊಳಪು ಕಳೆದುಕೊಂಡ ನೆಲ, ಮಂಚದ ಕಾಲು ಊರಿದ ಗುರುತು, ಸಡಿಲವಾದ ಬಾಗಿಲ ಹಿಡಿ, ತೊಟ್ಟಿಕ್ಕುವ ಹಳೇ ನಲ್ಲಿ – ಇವೆಲ್ಲ ವಾಸ ಮಾಡಿದ್ದಕ್ಕೆ ಬರುವ ಸವೆತ. ಬಾಡಿಗೆ ಕೊಟ್ಟಿದ್ದೇ ಅದಕ್ಕೆ. ಒಡೆದ ಗಾಜು, ಸುಟ್ಟ ಅಡುಗೆ ಕಟ್ಟೆ, ನಾಯಿ ಪರಚಿದ ಬಾಗಿಲು, ಮಕ್ಕಳು ಗೋಡೆ ತುಂಬಾ ಗೀಚಿದ ಚಿತ್ರ – ಇವು ಹಾನಿ. ಇದರ ಖರ್ಚು ನಿಮ್ಮದೇ. ವಾದ ಮಾಡಿ ಪ್ರಯೋಜನವಿಲ್ಲ, ಮೊತ್ತ ಸರಿಯಾಗಿದೆಯಾ ಅಂತ ಮಾತ್ರ ನೋಡಿ.

ನಡುವೆ ಇರುವ ಸಂಗತಿಗಳೇ ಕಷ್ಟ. ಗೋಡೆಗೆ ಬೂಷ್ಟು ಹಿಡಿದಿದೆ ಅನ್ನಿ. ಪೈಪ್ ಸೋರಿ ಹಾಗಾಗಿದ್ದರೆ ಮಾಲೀಕರ ಹೊಣೆ. ಕಿಟಕಿ ತೆರೆಯದೆ ಒದ್ದೆ ಬಟ್ಟೆ ಒಳಗೇ ಒಣಗಿಸಿ ಹಾಗಾಗಿದ್ದರೆ ನಿಮ್ಮ ಮೇಲೆ ಬರಬಹುದು. ಸೋರುತ್ತಿದೆ ಎಂದು ಆಗಲೇ ಮೆಸೇಜ್ ಹಾಕಿದ್ದರೆ ನೀವು ಅರ್ಧ ಗೆದ್ದಂತೆ. ಮೊಳೆಯ ತೂತು ಒಂದೆರಡಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಗೋಡೆ ತುಂಬಾ ಇದ್ದರೆ ಬೇರೆ ಮಾತು. ಕ್ಲೀನಿಂಗ್ ವಿಷಯದಲ್ಲಿ ಅಳತೆ ಒಂದೇ: ಮನೆ ನಿಮ್ಮ ಕೈಗೆ ಬಂದಾಗ ಎಷ್ಟು ಚೊಕ್ಕಟವಾಗಿತ್ತೋ ಅಷ್ಟು ಇದ್ದರೆ ಸಾಕು.

ಒಂದು ಎಚ್ಚರಿಕೆ. ‘ಖಾಲಿ ಮಾಡುವಾಗ ಬಣ್ಣದ ಖರ್ಚು ಬಾಡಿಗೆದಾರರದ್ದು’ ಎಂದು ಕರಾರಿನಲ್ಲಿ ನೀವು ಸಹಿ ಹಾಕಿದ್ದರೆ ಸವೆತದ ವಾದ ದುರ್ಬಲವಾಗುತ್ತದೆ. ಕೆಲವು ಕಡೆ ಕಾನೂನು ಇಂಥ ಷರತ್ತನ್ನು ಒಪ್ಪುವುದಿಲ್ಲ, ಕೆಲವು ಕಡೆ ಒಪ್ಪುತ್ತದೆ.

ವಸ್ತುವಿನ ವಯಸ್ಸು ಕೇಳಿ

ಬಾಡಿಗೆದಾರರು ಬಳಸದೇ ಬಿಡುವ ಅಸ್ತ್ರ ಇದು. ಹಾನಿ ನಿಮ್ಮಿಂದಲೇ ಆಗಿರಲಿ, ಆದರೂ ಹಳೆಯದರ ಬದಲು ಹೊಸದಕ್ಕೆ ಪೂರ್ತಿ ದುಡ್ಡು ಕೇಳುವುದು ನ್ಯಾಯವಲ್ಲ. 5 ವರ್ಷ ಬಾಳುವ ಬಣ್ಣ ಬಳಿದು ಆಗಲೇ 3 ವರ್ಷ ಆಗಿತ್ತು ಅಂದುಕೊಳ್ಳಿ. ಅದರಲ್ಲಿ ಉಳಿದಿದ್ದ ಆಯಸ್ಸು 2 ವರ್ಷ. ಹಾಗಾದರೆ ನಿಮ್ಮ ಪಾಲಿಗೆ ಬರುವುದು ಬಿಲ್‌ನ ಶೇ 40 ಮಾತ್ರ. ಬಣ್ಣ ಬಳಿದು 6 ವರ್ಷ ಆಗಿದ್ದರೆ? ಅದನ್ನು ಹೇಗೂ ಬಳಿಸಲೇಬೇಕಿತ್ತು. ಗೀಜರ್, ಕಾರ್ಪೆಟ್, ಪರದೆ ಎಲ್ಲಕ್ಕೂ ಇದೇ ಲೆಕ್ಕ. ಹಾಗೆಯೇ ಒಂದು ಗೋಡೆ ಹಾಳಾಗಿದ್ದರೆ ಒಂದು ಗೋಡೆಯ ಖರ್ಚು, ಇಡೀ ಮನೆಯದ್ದಲ್ಲ.

ಸಾಕ್ಷಿ ಜೋಡಿಸಿ

ಕರಾರು ಪತ್ರ, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ದಾಖಲೆ, ಬಾಡಿಗೆ ರಸೀದಿ, ಕೊನೆಯ ಕರೆಂಟ್ ಮತ್ತು ನೀರಿನ ಬಿಲ್, ರಿಪೇರಿ ಬಗ್ಗೆ ಆಡಿದ ಮೆಸೇಜ್‌ಗಳು. ಎಲ್ಲಕ್ಕಿಂತ ಮುಖ್ಯ, ಮನೆಗೆ ಬಂದಾಗಿನ ಮತ್ತು ಬಿಟ್ಟಾಗಿನ ಫೋಟೊಗಳು. ಬಂದಾಗ ಫೋಟೊ ತೆಗೆದಿಲ್ಲವಾ? ಮೊದಲ ತಿಂಗಳುಗಳಲ್ಲಿ ಮನೆಯೊಳಗೆ ತೆಗೆದ ಬೇರೆ ಫೋಟೊಗಳ ಹಿನ್ನೆಲೆ ನೋಡಿ. ಹುಟ್ಟುಹಬ್ಬದ ಕೇಕ್ ಹಿಂದೆ ಆ ಬಿರುಕು ಬಿಟ್ಟ ಟೈಲ್ಸ್ ಕಾಣಿಸಬಹುದು! ಮಾಲೀಕರು ಬಾಡಿಗೆಗೆ ಹಾಕಿದ್ದ ಜಾಹೀರಾತಿನ ಫೋಟೊ ಸಿಕ್ಕರೆ ಅದೂ ಕೆಲಸಕ್ಕೆ ಬರುತ್ತದೆ.

ಪತ್ರ ಬರೆಯಿರಿ

ಸಿಟ್ಟು ಬೇಡ, ಬೆದರಿಕೆ ಬೇಡ. ಪತ್ರ ಒಂದೇ ಪುಟದಲ್ಲಿರಲಿ. ನಾಳೆ ಯಾರೋ ಮೂರನೆಯವರು ಓದುತ್ತಾರೆ ಅಂದುಕೊಂಡೇ ಬರೆಯಿರಿ. ಹೀಗಿದ್ದರೆ ಸಾಕು:

‘ಮಾನ್ಯರೇ, ಈ ತಾರೀಕಿನಂದು ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟಿದ್ದೇನೆ. ಅಡ್ವಾನ್ಸ್‌ನಲ್ಲಿ ಇಷ್ಟು ಹಣ ಹಿಡಿದುಕೊಂಡಿದ್ದೀರಿ. ಒಡೆದ ಕಿಟಕಿ ಗಾಜಿನ ಖರ್ಚು ಒಪ್ಪುತ್ತೇನೆ. ಬಣ್ಣದ ಖರ್ಚನ್ನು ಒಪ್ಪುವುದಿಲ್ಲ, ಅದು ಸಹಜ ಸವೆತ, ಫೋಟೊ ಲಗತ್ತಿಸಿದ್ದೇನೆ. “ಇತರೆ” ಖರ್ಚಿಗೆ ಬಿಲ್ ಕೊಟ್ಟಿಲ್ಲ. ಉಳಿದ ಹಣವನ್ನು 14 ದಿನಗಳೊಳಗೆ ನನ್ನ ಖಾತೆಗೆ ಹಾಕಬೇಕಾಗಿ ಕೋರುತ್ತೇನೆ. ಇಲ್ಲವಾದರೆ ಕಾನೂನಿನ ದಾರಿ ಹಿಡಿಯಬೇಕಾಗುತ್ತದೆ.’

ನಿಮ್ಮದೇ ತಪ್ಪಿರುವ ಬಾಬತ್ತನ್ನು ಒಪ್ಪಿಕೊಳ್ಳುವುದು ನಷ್ಟವಲ್ಲ, ಉಳಿದ ಮಾತಿಗೆ ತೂಕ ಬರುತ್ತದೆ. ಪತ್ರ ತಲುಪಿದ ದಾಖಲೆ ಸಿಗುವಂತೆ ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಸಾಮಾನ್ಯವಾಗಿ ಫೋನ್ ಬರುತ್ತದೆ. ‘ಅರ್ಧ ಕೊಡ್ತೀನಿ, ಮುಗಿಸಿಬಿಡೋಣ’ ಅನ್ನಬಹುದು. ಮೊತ್ತ ಸಣ್ಣದಾದರೆ ಒಪ್ಪಿಕೊಳ್ಳುವುದೇ ಜಾಣತನ ಇರಬಹುದು, ಓಡಾಟಕ್ಕೂ ಬೆಲೆ ಇದೆ ಅಲ್ವಾ? ಆದರೆ ಒಪ್ಪದಿದ್ದರೆ ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಅರ್ಧ ದುಡ್ಡು ಖಾತೆಗೆ ಬಿದ್ದರೆ, ‘ಉಳಿದದ್ದಕ್ಕೆ ತಕರಾರು ಇದ್ದೇ ಇದೆ’ ಎಂದು ಅವತ್ತೇ ಬರೆದು ಕಳಿಸಿ.

ಆಗಲೂ ಬಗ್ಗದಿದ್ದರೆ

ದಾರಿ ಒಂದೊಂದು ಕಡೆ ಒಂದೊಂದು ಥರ. ಇಂಗ್ಲೆಂಡ್‌ನಲ್ಲಿ 2007ರಿಂದ ಅಡ್ವಾನ್ಸನ್ನು ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ರಕ್ಷಿಸಿಡಬೇಕು, ತಕರಾರು ಬಂದರೆ ಆ ಯೋಜನೆಯವರೇ ಉಚಿತವಾಗಿ ತೀರ್ಮಾನ ಮಾಡುತ್ತಾರೆ. ನ್ಯೂಜಿಲೆಂಡ್‌ನಲ್ಲಿ ದುಡ್ಡು ಸರ್ಕಾರದ ಬಳಿಯೇ ಇರುತ್ತದೆ, ಜಗಳ ಬಾಡಿಗೆ ನ್ಯಾಯಮಂಡಳಿಗೆ ಹೋಗುತ್ತದೆ. ಅಮೆರಿಕದಲ್ಲಿ ವಕೀಲರಿಲ್ಲದೆ ನೀವೇ ಹೋಗಬಹುದಾದ ಸಣ್ಣ ಮೊತ್ತದ ಕೋರ್ಟ್‌ಗಳಿವೆ. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸ್‌ಗೆ 2 ತಿಂಗಳ ಬಾಡಿಗೆಯ ಮಿತಿ ಹಾಕಿದೆ, ಬಾಡಿಗೆ ಪ್ರಾಧಿಕಾರಕ್ಕೂ ಅವಕಾಶ ಕೊಟ್ಟಿದೆ. ಆದರೆ ರಾಜ್ಯ ಸರ್ಕಾರ ಅಳವಡಿಸಿಕೊಂಡರೆ ಮಾತ್ರ ಅದು ಅಲ್ಲಿ ಜಾರಿ. ಇಲ್ಲದ ಕಡೆ ವಕೀಲರ ನೋಟಿಸ್, ನಂತರ ಕೋರ್ಟ್. ಎಲ್ಲ ಕಡೆಯೂ ದೂರು ಕೊಡಲು ಕಾಲಮಿತಿ ಇರುತ್ತದೆ, ‘ನೋಡೋಣ’ ಅನ್ನುತ್ತಾ ಅದನ್ನು ದಾಟಿಸಬೇಡಿ.

ಇನ್ನೂ ಮನೆ ಖಾಲಿ ಮಾಡದವರಿಗೆ ಒಂದೆರಡು ಮಾತು. ಅಡ್ವಾನ್ಸ್ ಬರುವುದಿಲ್ಲವೇನೋ ಎಂಬ ಭಯಕ್ಕೆ ಕೊನೆಯ ತಿಂಗಳ ಬಾಡಿಗೆ ನಿಲ್ಲಿಸಬೇಡಿ. ಕರಾರು ಮುರಿದವರು ನೀವೇ ಆಗಿಬಿಡುತ್ತೀರಿ. ಸಾಮಾನು ಸಾಗಿಸಿದ ಮೇಲೆ, ಬೀಗದ ಕೈ ಕೊಡುವ ಮುಂಚೆ, ಮಾಲೀಕರನ್ನೇ ಕರೆದು ಒಂದೊಂದೇ ಕೋಣೆ ಒಟ್ಟಿಗೆ ನೋಡಿ. ಅವರು ಏನಾದರೂ ತೋರಿಸಿದರೆ ಅಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ಮೀಟರ್ ರೀಡಿಂಗ್ ಫೋಟೊ ತೆಗೆಯುವುದನ್ನೂ ಮರೆಯಬೇಡಿ.